ಹಂಪಣ್ಣನ ಕೈಗುಣ

ಜನವರಿ ೧೬, ೧೯೯೪, ಭಾನುವಾರ

ಗೊಬ್ಬರದ ಅಂಗಡಿಯವರು ಡೈರಿ ಕೊಟ್ಟರು. ನನಗೆ ಹೊಲವಿಲ್ಲ, ಗೊಬ್ಬರ ಕೊಂಡವನಲ್ಲ. ಆದರೂ ಅವರ ಸೈಕಲ್ಲುಗಳಿಗೆ ಪಂಕ್ಚರ್ ಹಾಕುವವನು ನಾನೇ ಎಂದು ಒಂದನ್ನು ಕೈಗೆ ತುರುಕಿದರು. ಪ್ರತಿ ಪುಟದ ಕೆಳಗೆ ಯಾವ ಹುಳಕ್ಕೆ ಯಾವ ಔಷಧ ಹೊಡೆಯಬೇಕೆಂದು ಅಚ್ಚು ಹಾಕಿದ್ದಾರೆ. ಮನುಷ್ಯನ ತಲೆಯೊಳಗೆ ಹೊಕ್ಕ ಹುಳಕ್ಕೆ ಏನು ಹೊಡೆಯಬೇಕೋ ಎಲ್ಲೂ ಬರೆದಿಲ್ಲ. ನಾನು ಬಾಯಿ ತೆರೆದರೆ ಸಾಕು, ಶೇಖರಮ್ಮ "ಶುರುವಾತು ನೋಡು" ಎನ್ನುತ್ತಾಳೆ. ಹೆಂಡತಿ ಕೇಳದ್ದನ್ನು ಹಾಳೆಯಾದರೂ ಕೇಳಲಿ.

ಇವತ್ತು ಬಾಡಿಗೆಗೆ ಹೋದದ್ದು ಒಂದೇ ಸೈಕಲ್ಲು. ಅದನ್ನೂ ಚೈನು ಹರಿದುಕೊಂಡು ತಂದು ಗೋಡೆಗೆ ಒರಗಿಸಿ, "ನಿನ್ನ ಸೈಕಲ್ಲಿಗಿಂತ ಕಾಲ್ನಡಿಗಿ ಛಲೋ ನೋಡೋ ಹಂಪಣ್ಣ" ಎಂದು ಹೋದರು. ಮಸ್ಕಿಯ ಮಂದಿಗೆಲ್ಲ ಈಗ ಲೂನಾ ಬೇಕು. ಬಜಾರದಿಂದ ಗುಡ್ಡದ ಬುಡಕ್ಕೆ ಹೋಗಲೂ ಲೂನಾ! ಹಿಂದೆ ಲಿಂಗಸುಗೂರಿನ ಮದುವೆಗೆ ಹೋಗಬೇಕೆಂದರೆ ನನ್ನ ಸೈಕಲ್ಲಿಗೆ ಹಿಂದಿನ ದಿನವೇ ಹೇಳಿಟ್ಟು ಹೋಗುತ್ತಿದ್ದರು.

ಮಲ್ಲು ಹೋಗಿ ವರ್ಷ ತುಂಬಿತು. ನಮಗೆ ಅವನೊಬ್ಬನೇ ಮಗ. ಈ ಊರಿನ ಅಂಗಡಿಗಳ ಬೋರ್ಡು ಮುಕ್ಕಾಲು ಪಾಲು ಅವನು ಬರೆದವೇ. ಕಾಮಾಲೆ ಎಂದರು, ಗಿಡದ ಔಷಧ ಎಂದರು, ರಾಯಚೂರಿಗೆ ಒಯ್ಯುವಷ್ಟರಲ್ಲಿ… ಇದನ್ನು ಬರೆಯಲಾರೆ. ಅವನ ಹೆಂಡತಿ ಪಾರ್ವತಿ ನಮ್ಮ ಮನೆಯಲ್ಲೇ ಇದ್ದಾಳೆ. ಮಕ್ಕಳಾಗಲಿಲ್ಲ. ಆಕೆಯ ಮುಖ ಕಂಡಾಗಲೆಲ್ಲ ನನಗೆ ಸಿಟ್ಟೇ ಬರುತ್ತದೆ. ಯಾಕೆಂದು ನನಗೇ ತಿಳಿಯದು.

ಜನವರಿ ೨೬

ಹೊಸ ಗಾಡಿ ತಂದವರು ಪೂಜೆಗೆಂದು ನಮ್ಮ ಗುಡ್ಡದ ಮಲ್ಲಯ್ಯನ ಹತ್ತಿರ ಬರುವುದು ಮೊದಲಿಂದಲೂ ಇದ್ದದ್ದೇ. ಪೂಜೆ ಮುಗಿಸಿ ಇಳಿದರೆ ಮೊದಲು ಸಿಗುವುದು ನನ್ನ ಅಂಗಡಿ. ಇವತ್ತು ದಢೇಸುಗೂರಿನವರಿಬ್ಬರು ಹೂವಿನ ಹಾರ ಹಾಕಿದ ಹೀರೊ ಹೊಂಡಾ ನಿಲ್ಲಿಸಿ, "ಇಲ್ಲಿ ನಂಬರ್ ಪ್ಲೇಟ್ ಬರೀತೀರೇನ್ರಿ? ರಾಯಚೂರಿಂದ ನಂಬರ್ ಬಂದೈತಿ" ಎಂದರು.

"ನಾವು ಪಂಕ್ಚರ್ ಹಾಕಾವ್ರು" ಎಂದೆ.

ನನಗೆ ಬುತ್ತಿ ತಂದು ಒಳಗೆ ಕೂತಿದ್ದ ಪಾರ್ವತಿ ಅಲ್ಲಿಂದಲೇ, "ತಗಡು ಇಟ್ಟು ಹೋಗ್ರಿ. ನಾಳಿಗಿ ಸಂಜಿಗಿ ಬರ್ರಿ, ಬರದಿಟ್ಟಿರ್ತೀವಿ" ಎಂದುಬಿಟ್ಟಳು!

ಅವರು ಹೋದ ಮೇಲೆ ನಾನು ಹರಿಹಾಯ್ದೆ. "ಯಾರಬೇ ಬರಿಯೋರು? ನಿನ್ನ ಗಂಡ ಎದ್ದು ಬರ್ತಾನೇನು?"

ಅನ್ನಬಾರದಿತ್ತು. ಅಂದಾಗಿತ್ತು. ಆಕೆ ಅಳಲಿಲ್ಲ. "ಅವರು ಗೆರಿ ಹಾಕಿ ಕೊಡತಿದ್ರು, ಬಣ್ಣ ತುಂಬಾಕಿ ನಾನಾ ಇದ್ದೆ ಮಾವಾರ. ಕಡೀಕ ಜಡ್ಡು ಬಿದ್ದಾಗ ಗೆರೀನೂ ನಾನಾ ಹಾಕತಿದ್ದೆ. ಅವರಿಗೆ ಕೈ ಏಳತಿದ್ದಿಲ್ಲ" ಎಂದಳು.

ಹಾಗಾದರೆ ಕೊನೆಕೊನೆಗೆ ನಾನು ಮಲ್ಲು ಬರೆದದ್ದೆಂದು ಕಣ್ತುಂಬ ನೋಡಿದ ಬೋರ್ಡುಗಳು? ಕೇಳಲಿಲ್ಲ. ಬುತ್ತಿ ಅರ್ಧ ಉಳಿಯಿತು.

ಜನವರಿ ೨೭

ಬರೆದಳು. ತಗಡಿಗೆ ನಿನ್ನೆಯೇ ಕರಿ ಬಣ್ಣ ಬಳಿದಿಟ್ಟಿದ್ದಳು. ಇವತ್ತು ದಾರಕ್ಕೆ ಸೀಮೆಸುಣ್ಣ ತಿಕ್ಕಿ, ಎರಡೂ ತುದಿ ಬಿಗಿದು ಹಿಡಿದು ಟಪ್ಪೆಂದು ಬಿಟ್ಟಳು. ನೆಟ್ಟಗೆ ಗೆರೆ ಬಿತ್ತು. ಅದರ ಮೇಲೆ ಮಲ್ಲುವಿನ ಬ್ರಷ್ಷಿನಿಂದ ಬಿಳಿ ಅಕ್ಷರ. ಉಸಿರು ಹಿಡಿದು ಎಳೆಯುತ್ತಾಳೆ, ಗೆರೆ ಮುಗಿದ ಮೇಲೆ ಬಿಡುತ್ತಾಳೆ. ರಸ್ತೆಯಲ್ಲಿ ಲಾರಿ ಹೋದರೆ ಧೂಳು ಕೂರುತ್ತದೆಂದು ಒಳಕೋಣೆಗೆ ಒಯ್ದು ಮೊರ ಬೋರಲು ಹಾಕಿ ಮುಚ್ಚಿಟ್ಟಳು.

ಸಂಜೆ ದಢೇಸುಗೂರಿನವರು ಬಂದರು. "ಅಬಾಬಾ, ಮುತ್ತು ಪೋಣಿಸಿದಂಗ ಐತಿ! ಯಾರ ಕೈರೀ ಇದು? ಹೊಸಾ ಗಾಡಿ, ಕೈಗುಣ ನೋಡಬೇಕಲ್ಲ" ಎಂದರು.

ನಮ್ಮ ಕಡೆ ಅದೊಂದು ಇದೆ. ಮೊದಲ ಬೀಜ ಯಾರು ಬಿತ್ತಿದರು, ಮನೆಗೆ ಮೊದಲ ಕಲ್ಲು ಯಾರು ಇಟ್ಟರು, ಕರುವಿಗೆ ಮೊದಲ ಹಗ್ಗ ಯಾರು ಕಟ್ಟಿದರು, ಎಲ್ಲ ನೋಡುತ್ತಾರೆ. ಗಂಡ ಸತ್ತವಳು ಬರೆದಿದ್ದಾಳೆ ಎಂದರೆ ತಗಡು ನನ್ನ ಮುಖಕ್ಕೇ ಬೀಳುತ್ತಿತ್ತು.

"ನಂದಾ ಕೈ" ಎಂದೆ.

ಒಳಕೋಣೆಯಲ್ಲಿ ಪಾರ್ವತಿ ಬ್ರಷ್ ತೊಳೆಯುತ್ತಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತಪ್ಪೇನಿದೆ ಇದರಲ್ಲಿ?

ಫೆಬ್ರವರಿ ೬

"ಇಲ್ಲಿ ವಾಹನಗಳ ನಂಬರ್ ಬರೆದು ಕೊಡಲಾಗುವುದು" ಎಂದು ಬೋರ್ಡು ಹಾಕಿದೆವು. ಒಳಕೋಣೆಯ ಬಾಗಿಲಿಗೆ ಶೇಖರಮ್ಮನ ಹಳೆಯ ಇಳಕಲ್ ಸೀರೆ ಕಟ್ಟಿದೆ, ಬರೆಯುವವರು ಕಾಣದ ಹಾಗೆ. ಬೆಳಿಗ್ಗೆ ಅಂಗಡಿ ತೆರೆದ ಮೇಲೆ ನನ್ನ ಎರಡು ಬೆರಳಿಗೆ ಸ್ವಲ್ಪ ಕರಿ ಬಣ್ಣ ಹಚ್ಚಿಕೊಂಡು ಕೂರುತ್ತೇನೆ. ಗಿರಾಕಿ ಕೇಳಿದರೆ ತೋರಿಸಲು ಏನಾದರೂ ಬೇಕಲ್ಲ.

ಪಕ್ಕದಲ್ಲಿ ಮಿರ್ಚಿ ಕರಿಯುವ ಚಾಂದ್‌ಬೀ ಎಲ್ಲ ನೋಡುತ್ತಾಳೆ. ಅವಳ ಕಣ್ಣಿಗೆ ಮಣ್ಣೆರಚಲು ಆಗುವುದಿಲ್ಲ. "ಏ ಹಂಪಣ್ಣಾ, ಮದುಮಗಗ ಮೆಹಂದಿ, ನಿನಗ ಕರಿ ಬಣ್ಣ! ಚಂದ ಕಾಣಾಕತ್ತೀ" ಎಂದು ಬಜಾರಕ್ಕೆಲ್ಲ ಕೇಳುವಂತೆ ನಕ್ಕಳು. ಹೆಂಗಸಿಗೆ ಬಾಯಿ ಜಾಸ್ತಿ.

ಫೆಬ್ರವರಿ ೨೭

ಗೊರೇಬಾಳದ ಬಸ್ಸಪ್ಪ ಹೊಸ ಟ್ರ್ಯಾಕ್ಟರ್ ತಂದಿದ್ದ. ಕಾಲುವೆ ನೀರಿನ ಒಕ್ಕಲುತನ, ಎರಡು ಬೆಳೆ ಭತ್ತ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಹಿಂದೆ ಮುಂದೆ ಎರಡೂ ಪ್ಲೇಟು ಬರೆಸಿಕೊಂಡ. ಹೋಗುವಾಗ ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ನಾನು "ಇರ್ಲಿ ಬಿಡ್ರಿ, ಮಲ್ಲಯ್ಯಂದು" ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದೇ.

ಸಂಜೆ ಪಾರ್ವತಿ ಚಹಾ ತಂದುಕೊಟ್ಟಳು. ಸಕ್ಕರೆ ಇರಲಿಲ್ಲ. ಮರೆತಿರಬೇಕು.

ಮಾರ್ಚ್ ೨೦

ದೊಡ್ಡ ಸುದ್ದಿ. ಬಸ್ಸಪ್ಪನ ಟ್ರ್ಯಾಕ್ಟರ್ ಕಾಲುವೆ ಏರಿಯ ಮೇಲಿಂದ ಜಾರಿ ನೀರಿಗೆ ಬಿತ್ತಂತೆ. ಬಸ್ಸಪ್ಪನೇ ಓಡಿಸುತ್ತಿದ್ದ. ಮೈಗೆ ಒಂದು ಗೀರೂ ಇಲ್ಲ, ಇಂಜಿನ್ನಿಗೂ ಏನಾಗಿಲ್ಲ! ಮಂದಿ ಹಗ್ಗ ಹಾಕಿ ಎಳೆದ ಮೇಲೆ ಮೊದಲ ಸಲಕ್ಕೇ ಚಾಲೂ ಆಯಿತಂತೆ. ಬಸ್ಸಪ್ಪನ ತಾಯಿ ಯಮನೂರಮ್ಮ, "ನಂಬರ್ ಬರದವನ ಕೈ ದೊಡ್ಡದು" ಎಂದು ಊರ ತುಂಬ ಹೇಳಿಕೊಂಡು ತಿರುಗಿದ್ದಾಳೆ.

ಏಪ್ರಿಲ್ ೩

ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟಿವೆ. ಸಿಂಧನೂರಿನಲ್ಲೇ ಬರೆಯುವವರಿದ್ದರೂ ಅಲ್ಲಿಂದ ಎದ್ದು ಬರುತ್ತಾರೆ. "ಹಂಪಣ್ಣನ ಕೈ" ಎನ್ನುತ್ತಾರೆ. ಒಬ್ಬ ಬಾಣಂತಿಯ ಕೈಯಲ್ಲಿ ಕೂಸು ಕೊಟ್ಟು ಕಳಿಸಿದ್ದರು, ಮುಟ್ಟಿ ಹರಸಬೇಕಂತೆ. ಮುಟ್ಟಿದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಈ ವಯಸ್ಸಿನಲ್ಲಿ ಮಂದಿ ಕೈಮುಗಿದರೆ ಯಾರಿಗೆ ಬೇಡ?

ಮಧ್ಯಾಹ್ನ ಸಣ್ಣದೊಂದು ಪ್ಲೇಟು ಬರೆಯುವುದಿತ್ತು. ಸೀರೆ ಸರಿಸಿ ಕೊಡಲು ಹೋದರೆ ಪಾರ್ವತಿ ಬ್ರಷ್ ನನ್ನ ಮುಂದೆ ಹಿಡಿದಳು.

"ಇದನ್ನ ನೀವಾ ಬರೀರಿ ಮಾವಾರ. ಕೈಗುಣ ನಿಮ್ದಂತಲ್ರಿ."

ಸಿಟ್ಟಿರಲಿಲ್ಲ ದನಿಯಲ್ಲಿ, ನಗುವೂ ಇರಲಿಲ್ಲ. ಹೊರಗೆ ಗಿರಾಕಿ ನಿಂತಿದ್ದ. ನಾನು ಬಾಗಿಲ ಸೀರೆಯನ್ನು ಬಿಗಿಯಾಗಿ ಎಳೆದು ಹಿಡಿದೆ. ಪಾರ್ವತಿ ನನ್ನ ಮುಖ ನೋಡಿ ಬ್ರಷ್ ಹಿಂದೆ ತೆಗೆದುಕೊಂಡು ಕೂತು ಬರೆದಳು. ಈಗಿನ ಹೆಣ್ಣುಮಕ್ಕಳಿಗೆ ಹಿರಿಯರೆಂಬ ಅಂಜಿಕೆಯೇ ಇಲ್ಲ.

ಏಪ್ರಿಲ್ ೧೪

ಯುಗಾದಿ ಮುಗಿಸಿ ಪಾರ್ವತಿಯ ಅಣ್ಣ ಅಮರೇಶ ಲಿಂಗಸುಗೂರಿನಿಂದ ಬಂದ. ಹೋಳಿಗೆ ಬುತ್ತಿ ಕಟ್ಟಿಸಿಕೊಂಡು ಬಂದಿದ್ದ. ಉಂಡ ಮೇಲೆ ಅಡಿಕೆ ಬಾಯಿಗೆ ಹಾಕಿಕೊಂಡು ವಿಷಯಕ್ಕೆ ಬಂದ.

"ಬೀಗರ, ತಂಗೀನ ಕರಕೊಂಡು ಹೋಗತೀನ್ರಿ. ಮನಿಯಾಗ ನನ್ನ ಹೆಂಡತಿ ಬಸುರಿ, ಅವ್ವಗ ಕೈಲಾಗಂಗಿಲ್ಲ. ಇಲ್ಲಿ ಯಾರ ಸಲುವಾಗಿ ಇರಬೇಕ್ರಿ ಆಕಿ? ನನ್ನ ಮನಿಯಾಗ ಕೂಳಿಗೇನು ಕಡಿಮಿ ಇಲ್ಲ. ಬಸವ ಜಯಂತಿ ದಿನ ಛಲೋ ಐತಿ, ಬಂದು ಕರಕೊಂಡು ಹೋಗತೀನಿ."

ಶೇಖರಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ನಾನು "ನೋಡೂಣು" ಎಂದೆ. ಆಕೆ ಹೋದರೆ ಅಂಗಡಿ ಬೀಳುತ್ತದೆ. ಆ ಚಿಂತೆ ಅಷ್ಟೇ, ಮತ್ತೇನಿಲ್ಲ.

ಏಪ್ರಿಲ್ ೧೫

ಇವತ್ತು ಪಾರ್ವತಿಯನ್ನು ನೇರವಾಗಿ ಕೇಳಿದೆ. "ಹೋಗಾಕಿ ಏನಬೇ ನೀನು?"

ತಗಡಿನ ಅಂಚನ್ನು ಸುತ್ತಿಗೆಯಿಂದ ಬಡಿಯುತ್ತಿದ್ದಳು. ಬಡಿಯುತ್ತಲೇ ಹೇಳಿದಳು. "ಇಲ್ಲಿ ಸೀರಿ ಹಿಂದ ಕುಂದ್ರಬೇಕು, ಅಲ್ಲಿ ಒಲಿ ಮುಂದ ಕುಂದ್ರಬೇಕು. ಎರಡೂ ಕಡೆ ನಾ ಇದ್ದೀನಿ ಅಂಬೂದು ಯಾರಿಗೂ ಗೊತ್ತಾಗಬಾರದು. ಅಲ್ಲ್ಯಾದ್ರ ಹಡದವ್ವನ ಮಾರಿಯರ ಕಾಣತೈತಿ."

"ಇಲ್ಲಿ ನಿನಗೇನು ಕಡಿಮಿ ಮಾಡೀವಿ?"

"ಏನೂ ಇಲ್ರಿ. ಒಂದಾ ಕೇಳ್ತೀನಿ. 'ಇದು ನನ್ನ ಸೊಸಿ ಬರದದ್ದು' ಅಂತ ಒಬ್ಬ ಗಿರಾಕಿಗೆ, ಒಬ್ಬಗ ಸಾಕು, ಹೇಳ್ತೀರೇನ್ರಿ? ಹೇಳಿದ್ರ ನಾ ಇಲ್ಲೇ ಇರ್ತೀನಿ. ನಮ್ಮಣ್ಣಗ ನಾನಾ ಹೇಳಿ ಕಳಸತೀನಿ."

ಆಕೆಗೇನು, ಒಂದು ಮಾತು. ನನಗೆ? ಬಂದ ಗಿರಾಕಿಗಳೆಲ್ಲ ಪ್ಲೇಟು ಕಿತ್ತುಕೊಂಡು ಬಂದು ಅಂಗಡಿಯ ಮುಂದೆ ನಿಂತರೆ? ಕೂಸಿನ ತಲೆ ಮುಟ್ಟಿದ ಕೈ ಇದು. ನಾನು ಎದ್ದು ಹೊರಗೆ ಬಂದು, ಗಾಳಿ ಇದ್ದ ಚಕ್ರಕ್ಕೇ ಮತ್ತೆ ಗಾಳಿ ಹಾಕಿದೆ.

ಏಪ್ರಿಲ್ ೩೦

ಉರಿಬಿಸಿಲು. ನಾಲ್ಕು ಮಂದಿ ಬಂದರು. ನಾಲ್ಕು ಸಲವೂ ಹೇಳಬೇಕೆಂದು ಬಾಯಿ ತೆರೆದೆ. ನಾಲ್ಕು ಸಲವೂ ಬೇರೆ ಏನೋ ಹೇಳಿದೆ.

ಮೇ ೧೧

ಗೊರೇಬಾಳದ ಬಸ್ಸಪ್ಪ ಎರಡನೇ ಟ್ರ್ಯಾಕ್ಟರ್ ತಂದಿದ್ದಾನೆ. ತಗಡು ಕೊಟ್ಟು ಹೋದ. ಶುಕ್ರವಾರ ಬಸವ ಜಯಂತಿಯ ದಿನ ಮಂದಿ ಕಟ್ಟಿಕೊಂಡು ಬಂದು ಮಲ್ಲಯ್ಯನ ಪೂಜೆ ಮುಗಿಸಿ ಇಲ್ಲಿಗೆ ಬರುತ್ತಾನಂತೆ. "ಹಂಪಣ್ಣಾರ, ಈ ಸಲ ನನ್ನ ಕಣ್ಣೆದುರಿಗೆ ಬರೀಬೇಕ್ರಿ. ಪೂರಾ ಬ್ಯಾಡ. ಒಂದು ಗೀಟು ಸಾಕು. ನಿಮ್ಮ ಕೈ ಹತ್ತಬೇಕಷ್ಟ" ಎಂದ.

ಅದೇ ಶುಕ್ರವಾರ ಅಮರೇಶನೂ ಬರುವುದು. ನನ್ನ ಹಣೆಬರಹ ಬರೆದವನಿಗೆ ಕೈಗುಣ ಇರಲಿಲ್ಲ ಎಂದು ಕಾಣುತ್ತದೆ.

ಮೇ ೧೨

ಪಾರ್ವತಿ ತನ್ನ ಸೀರೆಗಳನ್ನು ಟ್ರಂಕಿಗೆ ಹಾಕಿದ್ದಾಳೆ. ಸಂಜೆ ನನ್ನನ್ನು ಒಳಕೋಣೆಗೆ ಕರೆದು ಬಸ್ಸಪ್ಪನ ಪ್ಲೇಟು ತೋರಿಸಿದಳು. ಎಲ್ಲ ಬರೆದು ಮುಗಿಸಿದ್ದಾಳೆ. ಕೊನೆಯದು ಇಂಗ್ಲಿಷಿನ ನಾಲ್ಕು. ಅದರ ನಿಂತ ಗೀಟು ಮಾತ್ರ ಬಿಟ್ಟಿದ್ದಾಳೆ. ಅಲ್ಲಿ ಸೀಮೆಸುಣ್ಣದ ಗುರುತಿದೆ.

"ಇದೊಂದು ಗೀಟು ಎಳೀರಿ ಮಾವಾರ. ಮ್ಯಾಗಿಂದ ಕೆಳಗ. ಉಸಿರು ಹಿಡೀರಿ, ನಡಬರಕ ನಿಲ್ಲಿಸಬ್ಯಾಡ್ರಿ. ಸ್ವಲ್ಪ ಸೊಟ್ಟಗಾದ್ರ ಆಮ್ಯಾಲ ನಾ…" ಎಂದವಳು ಅಲ್ಲಿಗೇ ನಿಲ್ಲಿಸಿ, "ನಾ ಇರಂಗಿಲ್ಲಲ್ಲ. ಇರ್ಲಿ ಬಿಡ್ರಿ. ಒಂದು ಗೀಟು ಯಾರು ಅಷ್ಟು ನೋಡ್ತಾರ" ಎಂದಳು.

ಹಳೆಯ ತಗಡಿನ ಮೇಲೆ ನನ್ನ ಕೈ ಹಿಡಿದು ಎಳೆಸಿದಳು. ಮತ್ತೆ ಮತ್ತೆ ಎಳೆಸಿದಳು. ಹೋಗುವವಳು ನನ್ನ ಮರ್ಯಾದೆ ಕಾಯಲು ಕೂತಿದ್ದಾಳೆ. ನಾನು ಆಕೆಗೆ ಒಂದು ಮಾತು ಕೊಡಲಾರದೆ ಹೋದೆ. ರಾತ್ರಿ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಬಿಸಿಲಿಗೆ ಹಸಿವೆ ಕಮ್ಮಿ.

ಮೇ ೧೩, ಶುಕ್ರವಾರ, ಬಸವ ಜಯಂತಿ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಊರಲ್ಲಿ ಎತ್ತುಗಳ ಕೊಂಬಿಗೆಲ್ಲ ಬಣ್ಣ. ಬಸ್ಸಪ್ಪ ಟ್ರ್ಯಾಲಿ ತುಂಬ ಮಂದಿ ತುಂಬಿಕೊಂಡು ಬಂದ. ಹೆಂಡತಿ, ಬೀಗರು ಬಿಜ್ಜರು ಎಲ್ಲ. ಟ್ರ್ಯಾಕ್ಟರಿಗೆ ವಿಭೂತಿ ಬಳಿದಿದ್ದರು, ಕೈಯಲ್ಲಿ ಒಡೆಯಲು ತೆಂಗಿನಕಾಯಿ. ನಾನು ಪ್ಲೇಟು ಹೊರಗೆ ತಂದು ಸ್ಟೂಲಿನ ಮೇಲಿಟ್ಟೆ. ಪಾರ್ವತಿ ಸೀರೆಯ ಹಿಂದೆ ನಿಂತಿದ್ದಳು, ಪಕ್ಕದಲ್ಲಿ ಆಕೆಯ ಟ್ರಂಕು. ಬ್ರಷ್ ಬಣ್ಣದಲ್ಲಿ ಅದ್ದಿದೆ. ಉಸಿರು ಹಿಡಿದೆ.

ಅಷ್ಟರಲ್ಲಿ ಅಮರೇಶ ಬಂದ. ಅವನ ಕೆಳಗೂ ಹೊಚ್ಚಹೊಸ ಹೀರೊ ಹೊಂಡಾ. ನನ್ನ ಕಣ್ಣು ಮೊದಲು ಬಿದ್ದದ್ದು ಪ್ಲೇಟಿನ ಮೇಲೆ. ಈಗ ಅದೇ ಚಾಳಿಯಾಗಿದೆ. ಎಂಥ ಕೆಟ್ಟ ಬರಹ! ಮೂರರ ಹೊಟ್ಟೆಯಿಂದ ಬಣ್ಣ ಸೋರಿ ಕೆಳಗಿನವರೆಗೆ ಇಳಿದಿತ್ತು.

"ಇದ್ಯಾರು ಬರದ್ರೋ ಅಮರೇಶಪ್ಪ?" ಎಂದೆ.

"ಲಿಂಗಸುಗೂರಾಗ ಬರಸಿದೆ ಬೀಗರ."

"ಇಲ್ಲಿಗೆ ತಂದಿದ್ರ ಏನಾಗತಿತ್ತು?"

ಅವನು ನನ್ನ ಕಿವಿಯ ಹತ್ತಿರ ಬಾಗಿದ. "ಹೊಸಾ ಗಾಡಿ. ಮನಿಯಾಗ ಕೂಸು ಹುಟ್ಟೂದೈತಿ. ಆಕಿ ಕೈಲೆ ಹೆಂಗ ಬರಸಲಿ ಬೀಗರ? ನಿಮಗ ನಾ ಹೇಳಬೇಕೇನ್ರಿ? ನೀವಾ ಸೀರಿ ಅಡ್ಡ ಕಟ್ಟಿ ಕುಂದ್ರಿಸೀರಿ."

ಆ ಮೇಲೆ ನನಗೇನಾಯಿತೋ. ತಲೆಗೆ ಏರಿತು.

"ಏನಂದೀ? ತಂಗಿ ಕೈ ಗಾಡಿಗೆ ಆಗಂಗಿಲ್ಲ, ನಿನ್ನ ಮನಿ ರೊಟ್ಟಿ ಬಡಿಯಾಕ ಆಗತೈತೇನಲೇ? ನಿನ್ನ ಹೆಂಡತಿ ಬಾಣಂತನ ಮಾಡಾಕ ಆಗತೈತೇನು? ಹುಟ್ಟಿದ ಕೂಸಿನ ನೆತ್ತಿಗೆ ಎಣ್ಣಿ ಹಚ್ಚಾಕ ಆಗತೈತೇನು? ಅದಕ್ಕೆಲ್ಲ ಆ ಕೈ ಬೇಕು, ನಿನ್ನ ಈ ಡಬ್ಬಿಗೆ ಬ್ಯಾಡ?"

ಬಜಾರವೆಲ್ಲ ಈ ಕಡೆ ತಿರುಗಿತು. ಬಸ್ಸಪ್ಪ ಕಾಯಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ. ಅವನ ಕಡೆಗೂ ತಿರುಗಿದೆ. ಹಳ್ಳ ಬಂದ ಹಾಗೆ ಬಾಯಿ ಬಂದಿತ್ತು.

"ನೀವೂ ಕೇಳ್ರಿ ಬಸ್ಸಪ್ಪಾರ. ನಿಮ್ಮ ಮೊದಲಿನ ಟ್ರ್ಯಾಕ್ಟರಿಗೆ ಬರದಾಕಿ ನನ್ನ ಸೊಸಿ. ಇದಕ್ಕ ಬರದಾಕೀನೂ ಆಕೀನಾ. ಗಂಡ ಸತ್ತಾಕಿ. ನನಗ ಒಂದು ಗೀಟು ಎಳಿಯಾಕ ಬರಂಗಿಲ್ಲ. ಎಲ್ಲಾ ಆಕಿ ಕೈಯಾ. ನಂದು ಬರೇ ಬಾಯಿ!"

ಚಾಂದ್‌ಬೀಯ ಬಾಣಲೆಯಲ್ಲಿ ಎಣ್ಣೆ ಚುರುಗುಡುವುದು ಕೇಳುತ್ತಿತ್ತು. ಪಾರ್ವತಿ ಸೀರೆ ಸರಿಸಿ ಹೊರಗೆ ಬಂದಳು. ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು ಬಸ್ಸಪ್ಪನನ್ನೇ ಕೇಳಿದಳು. "ಒಂದು ಗೀಟು ಉಳದೈತ್ರಿ. ಹಾಕಲೇನ್ರಿ?"

ಬಸ್ಸಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ನೆಲ ನೋಡಿದಳು. "ಇರ್ಲಿ ಬಿಡವ್ವಾ" ಎಂದು ಆ ಮುಗಿಯದ ಪ್ಲೇಟನ್ನೇ ಎತ್ತಿಕೊಂಡ. ಕಾಯಿ ಒಡೆಯಲಿಲ್ಲ. ಎಲ್ಲ ಟ್ರ್ಯಾಲಿ ಹತ್ತಿದರು, ಹೋದರು.

ಅಮರೇಶನ ಮುಖ ಕೆಂಪಾಗಿತ್ತು. "ನಡಿ ತಂಗಿ, ಈ ಮನಿಯಾಗ ಇನ್ನ ಒಂದು ಗಳಿಗಿ ಬ್ಯಾಡ" ಎಂದ.

ಪಾರ್ವತಿ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಹೇಳಿದಳು. "ನೀ ಹೋಗಣ್ಣಾ. ಹೊಸಾ ಗಾಡಿ ಐತಿ. ನಾ ಹಿಂದ ಕುಂತ್ರ ಏನರ ಆದೀತು."

ಮೇ ೧೪

ಚಾಂದ್‌ಬೀ ಕರೆಯದೆ ಬಂದು ಬಿಸಿ ಮಿರ್ಚಿ ಇಟ್ಟಳು. "ಹಂಪಣ್ಣಾ, ಆ ರೊಟ್ಟಿ ಮಾತು ಯಾರಿಗಂದಿ, ಅವನಿಗೋ ನಿನಗೋ?" ಎಂದಳು.

"ಅವನಿಗಾ!" ಎಂದೆ. ಆಕೆಗೇನು ಗೊತ್ತಾಗುತ್ತದೆ. ಸಿಟ್ಟಿನಲ್ಲಿ ಬಾಯಿ ಜಾರಿತು, ಅಷ್ಟೇ. ಸುಮ್ಮನೆ ಆ ಗೀಟು ಎಳೆದುಬಿಟ್ಟಿದ್ದರೆ ಅಂಗಡಿ ಉಳಿಯುತ್ತಿತ್ತು.

ಮೇ ೨೯

ಗಿರಾಕಿ ಇಲ್ಲ. ದಢೇಸುಗೂರಿನ ಒಬ್ಬ ನಾವು ಬರೆದ ಪ್ಲೇಟು ಕಿತ್ತು ತಂದು ಅಂಗಡಿಯ ಮುಂದೆ ಒಗೆದು ಹೋದ. ಪಾರ್ವತಿ ಅದನ್ನು ಎತ್ತಿ, ತಿಕ್ಕಿ, "ತಗಡು ಛಲೋ ಐತಿ, ಇನ್ನೊಬ್ಬರಿಗೆ ಆಗತೈತಿ" ಎಂದು ಒಳಗಿಟ್ಟಳು.

ಒಳಕೋಣೆಯ ಬಾಗಿಲಿನ ಸೀರೆ ಬಿಚ್ಚಿದೆ. ಸೆಕೆ ಬಹಳ, ಗಾಳಿ ಆಡುವುದಿಲ್ಲ. ಶೇಖರಮ್ಮ ಆ ಸೀರೆಯನ್ನು ಮಡಚುತ್ತ ನನ್ನನ್ನು ನೋಡಿ ನಕ್ಕಳು. ಸೆಕೆಗೆ ನಗುವಂಥದ್ದೇನಿದೆ?

ಜೂನ್ ೨೬

ಈಗ ಬರುವವರು ಹಳೆಯ ಗಾಡಿಯವರು. ಬಣ್ಣ ಹೋದದ್ದು, ಎರಡನೇ ಕೈ ಕೊಂಡದ್ದು. ಇವತ್ತು ಸಾಲಿ ಮಾಸ್ತರರೊಬ್ಬರು ಲೂನಾ ತಳ್ಳಿಕೊಂಡು ಬಂದು, "ಹಳೇ ಗಾಡಿಗೆ ಎಂಥಾ ಕೈಗುಣ, ಬರೀಯವ್ವಾ" ಎಂದರು. ನನಗೆ ರೇಗಿತು. "ಹಳೇದಕ್ಕ ಬ್ಯಾರೆ, ಹೊಸಾದಕ್ಕ ಬ್ಯಾರೆ ಕೈ ಇಟ್ಟಿಲ್ರಿ ನಾವು. ಬ್ಯಾಡಾದ್ರ ಮುಂದ ನಡೀರಿ" ಎಂದೆ. ಪಾರ್ವತಿ "ಮಾವಾರ, ನೀವು ಹಿಂಗ ಬೈದ್ರ ಇದ್ದ ಗಿರಾಕಿನೂ ಹೋಗತಾರ. ಹೋಗಿ ಚಾ ತರ್ರಿ" ಎಂದು ನನ್ನನ್ನೇ ಕಳಿಸಿದಳು. ಹೋಗಿ ತಂದೆ. ಆಕೆಯದಕ್ಕೆ ಸಕ್ಕರೆ ಜಾಸ್ತಿ ಹಾಕಿಸಿದೆ, ಹಾಗೇ ಕುಡಿಯುತ್ತಾಳೆ.

ಕರಿ ಬಣ್ಣದ ಮೊದಲ ಕೋಟು ಈಗ ನಾನೇ ಬಳಿಯುತ್ತೇನೆ. ಮೊದಮೊದಲು ನಾನು ಬಳಿದದ್ದನ್ನು ಆಕೆ ಕೆರೆದು ಹಾಕುತ್ತಿದ್ದಳು. ಮೊನ್ನೆಯಿಂದ ಕೆರೆದಿಲ್ಲ.

ಜುಲೈ ೨೪

ಅಮರೇಶನಿಗೆ ಗಂಡುಮಗು ಎಂದು ಸುದ್ದಿ ಬಂತು. ನಮ್ಮನ್ನು ಕರೆಯಲಿಲ್ಲ. ಪಾರ್ವತಿ ಇಡೀ ದಿನ ಊಟಕ್ಕೂ ಏಳದೆ ಬರೆದಳು.

ಆಗಸ್ಟ್ ೯

ಅಮರೇಶ ಬಂದ. ಅಂಗಡಿಯ ಆಚೆಯೇ ನಿಂತ. ಒದ್ದು ಓಡಿಸಬೇಕೆಂದು ಎದ್ದೆ. ನೋಡಿದರೆ ಗಾಡಿಯ ಪ್ಲೇಟು ಕೈಯಲ್ಲಿ ಹಿಡಿದುಕೊಂಡಿದ್ದಾನೆ. ಮಳೆಗೆ ಬಣ್ಣ ಎದ್ದುಹೋಗಿ ಯಾವುದು ಮೂರು ಯಾವುದು ಎಂಟು ತಿಳಿಯುವಂತಿರಲಿಲ್ಲ.

"ಮಾವಾರ, ಗಿರಾಕಿ ಬಂದಾರ. ಕುಂದ್ರಾಕ ಸ್ಟೂಲು ಕೊಡ್ರಿ" ಎಂದಳು ಪಾರ್ವತಿ.

ಕೊಟ್ಟೆ. ಆಕೆ ಕೆರೆದು ಹೊಸದಾಗಿ ಬರೆಯುವವರೆಗೆ ಅವನು ತಲೆ ಎತ್ತಲಿಲ್ಲ. ಕೊನೆಗೆ, "ಪಂಚಮಿ ಬಂತು. ಅವ್ವ ಅಳಾಕತ್ತಾಳ. ಮಗಳಿಲ್ಲದ ಪಂಚಮಿ ಯಾಕ ಅಂತಾಳ" ಎಂದ.

"ಹಂಗಾರ ಪಂಚಮಿಗಿ ಕರಿಯಾಕ ಬಂದೀಯೇನು? ಕೆಲಸಕ್ಕ ಕರಿಯಾಕಲ್ಲ?"

"ಪಂಚಮಿಗಿ" ಎಂದ.

"ಬರ್ತೀನಿ. ಜೋಕಾಲಿ ಕಟ್ಟಿಡು. ಉಂಡಿ ತಿಂದು, ಕೂಸಿನ ಮಾರಿ ನೋಡಿ, ಸೋಮವಾರ ತಿರುಗಿ ಬರ್ತೀನಿ. ಇಲ್ಲಿ ಕೆಲಸ ಬಿದ್ದೈತಿ" ಎಂದಳು. ಅವನು ಹೂಂ ಎಂದ. ಸಂಜೆ ಅದೇ ಗಾಡಿಯ ಹಿಂದೆ ಕೂತು ಹೋದಳು. ಕಾಣುವವರೆಗೆ ನಿಂತು ನೋಡಿದೆ, ಪ್ಲೇಟು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು.

ಆಗಸ್ಟ್ ೧೦

ಅಂಗಡಿ ತೆರೆದೆ. ಬೇಗ ಮುಚ್ಚಿದೆ.

ಆಗಸ್ಟ್ ೧೨, ಶುಕ್ರವಾರ

ಬಸ್ಸಪ್ಪ ಬಂದಿದ್ದ. ಒಬ್ಬನೇ, ಬಸ್ಸಿಗೆ. ಪಂಚೆಯಲ್ಲಿ ಸುತ್ತಿದ್ದ ಪ್ಲೇಟು ಬಿಚ್ಚಿಟ್ಟ. ನಾಲ್ಕಿಗೆ ನಿಂತ ಗೀಟು ಇನ್ನೂ ಇಲ್ಲ.

"ಕಾಲುವಿಗಿ ನೀರು ಬಿಟ್ಟಾರ ಹಂಪಣ್ಣಾರ. ಮೊದಲಿನ ಟ್ರ್ಯಾಕ್ಟರ್ ಗದ್ದ್ಯಾಗ ಐತಿ, ಗೊಬ್ಬರ ತರಾಕ ಇದನ್ನಾ ಸಿಂಧನೂರಿಗಿ ಒಯ್ಯಬೇಕು. ಆ ಪೂಜಿ ದಿನ ಬಿಟ್ರ ಇಲ್ಲೀತನ ಹೊಲದಾಗಷ್ಟ ಓಡಿಸೀನಿ, ರೋಡಿಗಿ ತಂದಿಲ್ಲ. ಸಿಂಧನೂರಾಗ ಇದನ್ನ ಅಳಿಸಿ ಬರೀತೀವಿ ಅಂದ್ರು. ನಮ್ಮವ್ವ ಅಳಿಸಗೊಡವಲ್ಲಳು. 'ಕಾಲುವ್ಯಾಗ ನಿನ್ನ ಉಳಿಸಿದ ಕೈ ಅದು. ಗಂಡಿಂದು ಅಂತ ತಿಳದಾಗ ಕೈ ಮುಗದಿ, ಹೆಣ್ಣಿಂದು ಅಂದಕೂಡ್ಲೆ ಓಡಿ ಬಂದಿ. ಹೋಗು, ಆ ಕೈಲೇನಾ ಮುಗಿಸಿಕೊಂಡು ಬಾ' ಅಂತ ಕೂಳು ಬಿಟ್ಟು ಕುಂತಾಳ."

ಸುತ್ತ ನೋಡಿದ. ಒಳಕೋಣೆ ಖಾಲಿ ಇತ್ತು. ದನಿ ಇಳಿಸಿದ. "ನನಗ ಅವಸರ ಐತ್ರಿ. ಒಂದು ಗೀಟು ತಾನಾ. ನೀವಾ ಎಳದು ಕೊಡ್ರಿ. ಅವ್ವಗ ಏನು ತಿಳಿತೈತಿ?"

"ನನಗ ಬರಂಗಿಲ್ರಿ" ಎಂದೆ. "ಬರಿಯೋರು ಪಂಚಮಿಗಿ ತವರಿಗಿ ಹೋಗ್ಯಾರ. ಸೋಮವಾರ ಬರ್ತಾರ. ಅವಸರ ಇದ್ರ ಬ್ಯಾರೆ ಕಡೆ ಹೋಗ್ರಿ."

ಬಸ್ಸಪ್ಪ ಪ್ಲೇಟನ್ನು ಮತ್ತೆ ಪಂಚೆಯಲ್ಲಿ ಸುತ್ತಿದ, ಮತ್ತೆ ಬಿಚ್ಚಿದ. ಆ ಮೇಲೆ, "ಸೋಮವಾರನಾ ಬರ್ತೀನಿ ಬಿಡ್ರಿ. ಅವರಿಗೆ ಹೇಳಿಡ್ರಿ" ಎಂದು ಪ್ಲೇಟು ಇಟ್ಟು ಹೋದ. ಧೂಳು ಕೂರಬಾರದೆಂದು ಒರೆಸಿ ಒಳಗಿಟ್ಟು ಮುಚ್ಚಿದ್ದೇನೆ.

ಸೋಮವಾರ ಮೊದಲ ಬಸ್ಸಿಗೆ ನಾನು ಲಿಂಗಸುಗೂರಿಗೆ ಹೋಗುತ್ತೇನೆ. ಒಗೆದ ಧೋತರ ತೆಗೆದಿಡು ಎಂದರೆ ಶೇಖರಮ್ಮ, "ಯಾಕ್ರಿ, ಆಕಿಗೇನು ದಾರಿ ಗೊತ್ತಿಲ್ಲೇನು?" ಎಂದು ಕೇಳಿದಳು. ಗೊತ್ತಿದೆ. ಆದರೆ ಪಂಚಮಿಗೆ ತವರಿಗೆ ಹೋದವಳನ್ನು ಗಂಡನ ಮನೆಯವರು ಹೋಗಿ ಕರೆದುಕೊಂಡು ಬರಬೇಕು, ಅದು ಪದ್ಧತಿ. ಮಲ್ಲು ಹೋಗಬೇಕಿತ್ತು. ಅವನಿಲ್ಲ. ನಾನು ಹೋಗುತ್ತೇನೆ.